ಕೂಲಿಂಗ್ ಟವರಿನ ಪಾಚಿ: ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚ

ವರ್ಷಾಂತ್ಯದಲ್ಲಿ ಲಾಭ-ನಷ್ಟದ ಪಟ್ಟಿಯನ್ನು ಪರಿಶೀಲಿಸುವಾಗ ಉದ್ದಿಮೆದಾರರ ದೃಷ್ಟಿ ಕಚ್ಚಾ ಸಾಮಗ್ರಿ, ಸಂಬಳ ಹಾಗೂ ಬ್ಯಾಂಕ್ ಬಡ್ಡಿಯ ಮೇಲೆ ಹರಿಯುವುದು ಸಹಜ. ಕಾರ್ಖಾನೆಯ ಹಿತ್ತಲಿನಲ್ಲೋ ಮೇಲ್ಛಾವಣಿಯಲ್ಲೋ ನಿಂತಿರುವ ಕೂಲಿಂಗ್ ಟವರ್ ಯಾರ ಗಮನವನ್ನೂ ಸೆಳೆಯುವುದಿಲ್ಲ. ಅದರ ತೊಟ್ಟಿಯಿಂದ ಪಾಚಿ ತೆಗೆಸಿದ ವೆಚ್ಚವು ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಯಲ್ಲಿ ಕೆಲವು ಸಾವಿರ ರೂಪಾಯಿಗಳಾಗಿ ಕಾಣುತ್ತದೆ. ಪಾಚಿಯನ್ನು ತೆಗೆಸದೆ ಬಿಟ್ಟದ್ದರ ವೆಚ್ಚವಾದರೋ ವಿದ್ಯುತ್ ಹಾಗೂ ನೀರಿನ ಖಾತೆಗಳಲ್ಲಿ ಬೇರೆ ಹೆಸರಿನಿಂದ ಅಡಗಿ ಕುಳಿತಿರುತ್ತದೆ.

ಪಾಚಿಗೆ ಬೇಕಾದುದು ಬೆಳಕು, ಬೆಚ್ಚನೆಯ ನೀರು, ಗಾಳಿ ಮತ್ತು ಸ್ವಲ್ಪ ನೈಟ್ರೇಟ್, ಫಾಸ್ಫೇಟ್. ಕೂಲಿಂಗ್ ಟವರಿನಲ್ಲಿ ಇವೆಲ್ಲವೂ ಒಂದೆಡೆ ದೊರೆಯುತ್ತವೆ. ಗಾಳಿಯೊಡನೆ ಬರುವ ಧೂಳು ಗೊಬ್ಬರವಾಗುತ್ತದೆ. ಸುಣ್ಣ ಕಟ್ಟದಿರಲೆಂದು ಬಳಸುವ ಕೆಲವು ರಾಸಾಯನಿಕಗಳಲ್ಲಿರುವ ಫಾಸ್ಫೇಟ್ ಕೂಡ ಪಾಚಿಗೆ ಆಹಾರವೇ. ಹೀಗೆ ಬೆಳೆದ ಪಾಚಿ ನಾಜಲ್‌ಗಳನ್ನು ಮುಚ್ಚುತ್ತದೆ. ಫಿಲ್ ಮೇಲೆ ನೀರು ಸಮನಾಗಿ ಹರಡದೆ ಒಂದೇ ಕಡೆ ಸುರಿಯುತ್ತದೆ. ಕತ್ತಲಿರುವ ಕಂಡೆನ್ಸರ್ ಕೊಳವೆಗಳಲ್ಲಿ ಪಾಚಿ ಬೆಳೆಯಲಾರದು; ಆದರೆ ಕಳಚಿ ಬಂದ ಪಾಚಿಯನ್ನು ತಿಂದು ಬ್ಯಾಕ್ಟೀರಿಯಾಗಳು ಅಲ್ಲಿ ಲೋಳೆ ಕಟ್ಟುತ್ತವೆ. ಈ ಲೋಳೆಯು ಅದೇ ದಪ್ಪದ ಸುಣ್ಣದ ಪದರಕ್ಕಿಂತಲೂ ಹೆಚ್ಚಾಗಿ ಶಾಖವನ್ನು ತಡೆಯುತ್ತದೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಗಂಟೆಗೆ 1 ಲಕ್ಷ ಲೀಟರ್ ನೀರು ಸುತ್ತುವ, ಆ ನೀರು 5 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಯುವ ಒಂದು ಟವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರೊಡನೆ 100 ಕಿಲೋವ್ಯಾಟ್ ವಿದ್ಯುತ್ ಬಳಸುವ ಚಿಲ್ಲರ್ ದಿನಕ್ಕೆ 20 ಗಂಟೆಯಂತೆ 300 ದಿನ ನಡೆದರೆ ವರ್ಷಕ್ಕೆ 6 ಲಕ್ಷ ಯೂನಿಟ್ ಆಗುತ್ತದೆ. ಕಂಡೆನ್ಸಿಂಗ್ ಉಷ್ಣತೆ 1 ಡಿಗ್ರಿ ಏರಿದರೆ ಕಂಪ್ರೆಸರಿನ ವಿದ್ಯುತ್ ಬಳಕೆ ಸುಮಾರು ಶೇ. 2ರಿಂದ 3ರಷ್ಟು ಹೆಚ್ಚುತ್ತದೆ. 2 ಡಿಗ್ರಿ ಏರಿಕೆಗೆ ಶೇ. 5 ಎಂದಿಟ್ಟುಕೊಂಡರೂ 30,000 ಯೂನಿಟ್ ವ್ಯರ್ಥ. ಓದುಗರು ತಮ್ಮ ವಿದ್ಯುತ್ ದರದಿಂದ ಇದನ್ನು ಗುಣಿಸಿಕೊಳ್ಳಬಹುದು.

ನೀರಿನ ಲೆಕ್ಕ ಇದಕ್ಕಿಂತ ವಿಚಿತ್ರವಾದುದು. ಇದೇ ಟವರಿನಲ್ಲಿ ಗಂಟೆಗೆ ಸುಮಾರು 750 ಲೀಟರ್ ನೀರು ಆವಿಯಾಗುತ್ತದೆ, ಅದು ಅನಿವಾರ್ಯ. ಉಳಿದ ನೀರಿನಲ್ಲಿ ಲವಣಾಂಶ ಏರುವುದರಿಂದ ಒಂದಿಷ್ಟನ್ನು ಬ್ಲೋಡೌನ್ ಎಂದು ಹೊರಬಿಡಬೇಕಾಗುತ್ತದೆ. ಲವಣಾಂಶವು ಹೊಸ ನೀರಿನ 5 ಪಟ್ಟು ಆಗುವವರೆಗೆ ತಡೆದರೆ ಹೊರಬಿಡಬೇಕಾದುದು ಗಂಟೆಗೆ ಸುಮಾರು 190 ಲೀಟರ್. ನೀರು ಹಸಿರಾಯಿತೆಂದು ವಾಲ್ವನ್ನು ತೆರೆದೇ ಇಟ್ಟು 2 ಪಟ್ಟಿನಲ್ಲಿಯೇ ನಡೆಸಿದರೆ 750 ಲೀಟರ್! ವ್ಯತ್ಯಾಸವು 20 ಗಂಟೆಗೆ 11,200 ಲೀಟರ್, ಅಂದರೆ ಹೆಚ್ಚು-ಕಡಿಮೆ ದಿನಕ್ಕೊಂದು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ನಗರ ಜಿಲ್ಲಾಡಳಿತವು 12,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ದರ ನಿಗದಿಪಡಿಸಿತ್ತು. ಆ ದರದಲ್ಲಿಯೂ 300 ದಿನಕ್ಕೆ 2.8 ಲಕ್ಷ ರೂಪಾಯಿ ಚರಂಡಿ ಸೇರುತ್ತದೆ. ಇಷ್ಟಾದರೂ ಪಾಚಿ ಹೋಗುವುದಿಲ್ಲ. ಅದು ಅಂಟಿಕೊಂಡಿರುವುದು ಗೋಡೆಗೆ ಮತ್ತು ಫಿಲ್‌ಗೆ, ನೀರಿಗಲ್ಲ. ಗಡಸು ಬೋರ್‌ವೆಲ್ ನೀರು ಬಳಸುವ ಘಟಕಗಳು ಮಾತ್ರ ಸಾಫ್ಟ್‌ನರ್ ಅಥವಾ ಸೂಕ್ತ ಸಂಸ್ಕರಣೆಯಿಲ್ಲದೆ 5 ಪಟ್ಟಿಗೆ ಹೋಗಬಾರದು.

ಬಹುತೇಕ ಘಟಕಗಳಲ್ಲಿ ಬ್ಲೀಚಿಂಗ್ ಪೌಡರ್ ಸುರಿಯುವುದೇ ಚಿಕಿತ್ಸೆ. ಕ್ರಮ ಇಲ್ಲಿ ತಲೆಕೆಳಗಾಗಿದೆ. ಮೊದಲು ಫ್ಯಾನ್ ನಿಲ್ಲಿಸಿ, ಪಾಚಿಯನ್ನು ಬ್ರಷ್‌ನಿಂದ ಉಜ್ಜಿ, ತೊಟ್ಟಿಯ ಕೆಸರನ್ನು ಎತ್ತಿ ಹೊರಹಾಕಬೇಕು, ಔಷಧಿ ಅನಂತರ. ದಪ್ಪ ಪಾಚಿಯ ಮೇಲೆ ಸುರಿದ ಕ್ಲೋರಿನ್ ಮೇಲ್ಪದರದಲ್ಲಿಯೇ ಖರ್ಚಾಗುತ್ತದೆ. ಸತ್ತ ಪಾಚಿ ಒಮ್ಮೆಲೇ ಕಳಚಿ ಸ್ಟ್ರೈನರ್ ಕಟ್ಟಿಕೊಂಡು, ರಾತ್ರಿ ಪಾಳಿಯಲ್ಲಿ ಯಂತ್ರ ನಿಲ್ಲುವುದೂ ಉಂಟು.

ನೀರಿನ ಪಿ.ಎಚ್. ಮೌಲ್ಯವನ್ನು ನೋಡದೆ ಕ್ಲೋರಿನ್ ಹಾಕುವುದು ಹಣ ಸುಟ್ಟಂತೆಯೇ. ಪಿ.ಎಚ್. 7.5 ಇದ್ದಾಗ ಕ್ಲೋರಿನ್‌ನ ಅರ್ಧದಷ್ಟು ಪಾಲು ಪರಿಣಾಮಕಾರಿ ರೂಪದಲ್ಲಿರುತ್ತದೆ; 8.5 ಆದಾಗ ಹತ್ತರಲ್ಲೊಂದು ಪಾಲು ಮಾತ್ರ. ಸುತ್ತಿ ಸುತ್ತಿ ಗಟ್ಟಿಯಾದ ಟವರ್ ನೀರಿನ ಪಿ.ಎಚ್. ಸಾಮಾನ್ಯವಾಗಿ 8ನ್ನು ದಾಟಿರುತ್ತದೆ. ಅಂಥಲ್ಲಿ ಬ್ರೋಮಿನ್ ಆಧಾರಿತ ಔಷಧಿ ಬೆಲೆಯಲ್ಲಿ ಹೆಚ್ಚಾದರೂ ಕೆಲಸದಲ್ಲಿ ಅಗ್ಗ. ಬಿಸಿಲು ಕ್ಲೋರಿನನ್ನು ಹಾಳುಗೆಡಹುವುದರಿಂದ ಸಂಜೆಯ ವೇಳೆ ಹಾಕುವುದು ಲೇಸು. ಹಾಗೆಂದು ವಿಪರೀತ ಪ್ರಮಾಣವೂ ಸಲ್ಲದು. ತಾಮ್ರ, ಉಕ್ಕುಗಳೆರಡೂ ಸವೆಯುತ್ತವೆ. ಔಷಧಿ ಹಾಕಿದ ನೀರನ್ನು ಒಡನೆಯೇ ಹೊರಬಿಡುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯ ಷರತ್ತುಗಳಿಗೂ ತಕ್ಕುದಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಸುಣ್ಣ ಬಿಡಿಸಲು ತಂದ ಹೈಡ್ರೋಕ್ಲೋರಿಕ್ ಆಮ್ಲವೂ ಬ್ಲೀಚಿಂಗ್ ಪೌಡರೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವ, ಒಂದೇ ದಿನ ಒಂದೇ ತೊಟ್ಟಿಗೆ ಹಾಕುವ ರೂಢಿ ಕೂಡಲೇ ನಿಲ್ಲಬೇಕು. ಟವರ್ ಉಜ್ಜುವ ಕೆಲಸಗಾರನಿಗೆ ಸೂಕ್ತ ಮುಖಕವಚವೂ ಅಗತ್ಯ. ಪಾಚಿ ಮತ್ತು ಲೋಳೆಯ ನಡುವೆ ಬೆಳೆಯುವ ಲೀಜಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾ ತುಂತುರಿನೊಡನೆ ಶ್ವಾಸಕೋಶ ಸೇರಿ ತೀವ್ರ ನ್ಯುಮೋನಿಯಾ ತರಬಲ್ಲದು. 2015ರಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಕೂಲಿಂಗ್ ಟವರಿನಿಂದ ಹರಡಿದ ಈ ರೋಗಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅದೇ ವರ್ಷ ಆ ನಗರವು ಟವರುಗಳ ನೋಂದಣಿ ಹಾಗೂ ತಪಾಸಣೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿತು.

ತಡೆಗಟ್ಟುವ ಕ್ರಮಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ನೆರಳು. ಮೇಲಿನ ಬಿಸಿನೀರಿನ ತಟ್ಟೆಗೆ ಹಾಗೂ ತೆರೆದ ತೊಟ್ಟಿಗೆ, ಗಾಳಿಯ ದಾರಿಗೆ ಅಡ್ಡಿಯಾಗದಂತೆ, ಬೆಳಕು ತೂರದ ಎಫ್.ಆರ್.ಪಿ. ಹಾಳೆಯ ಮುಚ್ಚಳ ಹಾಕಿಸಿದರೆ ಔಷಧಿಯ ಅರ್ಧ ಕೆಲಸ ಮುಗಿದಂತೆ. ಆಶ್ಚರ್ಯವೆಂದರೆ ತಿಂಗಳು ತಿಂಗಳು ಔಷಧಿಯ ಬಿಲ್ ಪಾವತಿಸುವವರೂ ಈ ಒಂದು ಸಲದ ವೆಚ್ಚಕ್ಕೆ ಹಿಂಜರಿಯುತ್ತಾರೆ. ಧೂಳು ಹೆಚ್ಚಿರುವೆಡೆ ಚಿಕ್ಕದೊಂದು ಪಕ್ಕದ ಫಿಲ್ಟರ್ ಇರಲಿ.

ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ನೀರಿನ ಪರೀಕ್ಷೆಯನ್ನು ಬೇರೆ ಪ್ರಯೋಗಾಲಯಕ್ಕೆ ವಹಿಸುವುದು ಕ್ಷೇಮ. ಔಷಧಿ ಮಾರುವವರೇ ಪರೀಕ್ಷೆಯನ್ನೂ ಮಾಡಿದರೆ ಅದು ಲೆಕ್ಕ ಬರೆದವನೇ ಆಡಿಟ್ ಮಾಡಿದಂತೆ. ಕಾರ್ಖಾನೆಯಲ್ಲಿ ಇಡಬೇಕಾದ ದಾಖಲೆಯೂ ದೊಡ್ಡದೇನಲ್ಲ. ಟವರಿನಿಂದ ಹೊರಬರುವ ನೀರಿನ ಉಷ್ಣತೆ ಮತ್ತು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಗಾಳಿಯ ಉಷ್ಣತೆ, ಇವೆರಡನ್ನೂ ಪ್ರತಿದಿನ ಒಂದೇ ಹೊತ್ತಿಗೆ ಬರೆದಿಟ್ಟರೆ ಸಾಕು. ಯಂತ್ರಗಳ ಹೊರೆ ಮೊದಲಿನಷ್ಟೇ ಇದ್ದರೂ ಇವೆರಡರ ಅಂತರ ವಾರದಿಂದ ವಾರಕ್ಕೆ ಹಿಗ್ಗುತ್ತಿದ್ದರೆ, ವಿದ್ಯುತ್ ಬಿಲ್ ಬರುವವರೆಗೆ ಕಾಯದೆ ಏಣಿ ಹಾಕಿ ಟವರಿನೊಳಗೆ ನೋಡಬೇಕು.