ವಾಲಗದ ಟೋನ್ ಕಾಯುವ ಬಟನ್ ಸೆಲ್

ಮಸ್ಕತ್‌ನ ಅಲ್ ಖುವೈರ್ ಎಂದರೆ ಹೊರಗಿನವರಿಗೆ ಸಚಿವಾಲಯಗಳು, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಈಗ 126 ಮೀಟರ್ ಎತ್ತರದ ಧ್ವಜಸ್ತಂಭ. ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ವಾಲಗ. ಅದೂ ಯಮಾಹಾ ಡಿಎಕ್ಸ್7 ಕೀಬೋರ್ಡಿನೊಳಗಿನದು.

ಅದರ ಒಡೆಯರು ಕುಂದಾಪುರ ಕಡೆಯ ಹಿರಿಯರು. ವಾರವಿಡೀ ಕಂಪನಿಯ ಲೆಕ್ಕಪತ್ರ, ಶುಕ್ರವಾರ ಗೆಳೆಯರ ಹಳೆಯ ಕೀಬೋರ್ಡುಗಳ ರಿಪೇರಿ. ಊರಿನಲ್ಲಿ ರಸಮಂಜರಿ ತಂಡದಲ್ಲಿದ್ದಾಗ ಮದುವೆಮನೆಯ ವಾಲಗದ ದನಿ ಬೇಕೆಂದು ಅವರೇ ಟೋನ್ ಕಟ್ಟಿದರು. ಡಿಎಕ್ಸ್7ನಲ್ಲಿ ಇದು ಸುಲಭದ ಕೆಲಸವಲ್ಲ. ಅಲೆ ಹುಟ್ಟಿಸುವ ಆರು ಆಪರೇಟರ್‌ಗಳು, ಅವುಗಳನ್ನು ಜೋಡಿಸುವ 32 ಬಗೆ. ಒಂದು ಅಲೆ ಇನ್ನೊಂದನ್ನು ಅಲುಗಿಸಿದಾಗ ಹೊಸ ನಾದ. ಒಂದು ಅಂಕಿ ಏರುಪೇರಾದರೂ ವಾಲಗ ಹೋಗಿ ಗಂಟೆಯಾಗುತ್ತದೆ. ಕೇಳಿದೆ: ಮೊದಲ ಏರಿನಲ್ಲಿ ತುಸು ಗೊರಗೊರ, ಆಮೇಲೆ ಮೂಗಿನ ದನಿ. ಅಸಲಿಯಲ್ಲ, ಆದರೆ ಊಟದ ಪಂಕ್ತಿ ಏಳುವಷ್ಟು ಹತ್ತಿರ.

ಅಲೆಯಿಂದ ಅಲೆಯನ್ನು ಅಲುಗಿಸುವ ಈ ವಿದ್ಯೆಯನ್ನು ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಕೊಂಡದ್ದು 1967ರಲ್ಲಿ. ಯಮಾಹಾ ಡಿಎಕ್ಸ್7 ತಂದದ್ದು 1983ರಲ್ಲಿ. ಚರಿತ್ರೆ ಇಷ್ಟು ಸಾಕು.

ಕೀಬೋರ್ಡು 32 ಟೋನ್‌ಗಳನ್ನು ನೆನಪಿಡುತ್ತದೆ. ಎಲ್ಲ ಸೇರಿ 4,096 ಬೈಟ್, ಇಂದಿನ ಫೋನಿನ ಒಂದು ಫೋಟೊದ ಮೂಲೆಗೂ ಸಾಲದು. ಸ್ವಿಚ್ ಆರಿಸಿದ ಮೇಲೆ ಇವನ್ನು ಕಾಯುವುದು 3 ವೋಲ್ಟಿನ ಸಿಆರ್2032 ಸೆಲ್. ವರ್ಷಗಟ್ಟಲೆ ಬಾಳುತ್ತದೆ, ಆದರೆ ಸೆಕೆ ಅದಕ್ಕೆ ಆಗದು. ಬೇಸಿಗೆಯಲ್ಲಿ ಎಸಿ ಆರಿಸಿ, ಬಾಗಿಲು ಜಡಿದು ಸಂಸಾರ ಸಮೇತ ಊರಿಗೆ ಹೋದರೆ ಮಸ್ಕತ್ ಫ್ಲ್ಯಾಟು ಒಲೆಯೇ ಸರಿ. ಸೆಲ್ ಸತ್ತರೆ ಟೋನ್‌ಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು. ಯಮಾಹಾ ಕೊಟ್ಟ ಟೋನ್‌ಗಳನ್ನು ಮತ್ತೆ ತುಂಬಿಕೊಳ್ಳಬಹುದು, ತಾನು ಕಟ್ಟಿದ್ದು ಮಾತ್ರ ಹೋದಂತೆಯೇ ಎನ್ನುವುದು ಹಿರಿಯರ ಚಿಂತೆ.

ಕಾರ್ಖಾನೆಯಲ್ಲಿ ಸೆಲ್ಲನ್ನು ಬೋರ್ಡಿಗೇ ಬೆಸೆದಿದ್ದಾರೆ. ನನಗಂತೂ ಇದು ಬಳಸುವವರ ಮೇಲಿನ ಅಸಡ್ಡೆ ಎನಿಸುತ್ತದೆ. ಹಿರಿಯರು ಮೊದಲು ಮಿಡಿ ಕೇಬಲ್ಲಿನಿಂದ ಟೋನ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಾರೆ. ಆಮೇಲೆ ಪ್ಲಗ್ ಕಿತ್ತು, ಮುಚ್ಚಳ ತೆರೆದು, ಹಳೆಯ ಬೆಸುಗೆ ಕರಗಿಸಿ, ಸೆಲ್ ಇದ್ದಲ್ಲಿ ಹೋಲ್ಡರ್ ಕೂರಿಸುತ್ತಾರೆ. ಮುಂದಿನ ಸಲ ಬೆಸುಗೆಯೇ ಬೇಡ. ಟೋನ್‌ಗಳನ್ನು ವಾಪಸು ತುಂಬುವಾಗ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡದಿದ್ದರೆ ಕೀಬೋರ್ಡು ಒಪ್ಪುವುದಿಲ್ಲ.

ಎಲ್ಲ ಕೀಬೋರ್ಡಿಗೂ ಇದೇ ಮದ್ದಲ್ಲ. 1981ರ ಕೋರ್ಗ್ ಪಾಲಿಸಿಕ್ಸ್‌ನಲ್ಲಿರುವುದು ಚಾರ್ಜ್ ಆಗುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಮುದಿಯಾದರೆ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಅಲ್ಲಿ ಲಿಥಿಯಂ ಸೆಲ್ ಹಾಕುವುದಾದರೆ ಅದಕ್ಕೆ ಚಾರ್ಜ್ ಹರಿಯದಂತೆ ಡಯೋಡ್ ತಡೆ ಬೇಕೇ ಬೇಕು.

ಹಿರಿಯರಿಂದ ಈ ಕೆಲಸ ಕಲಿಯಲು ಯಾರೂ ಬಂದಿಲ್ಲ. ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲೇ ಎಲ್ಲ ದನಿ ಸಿಗುವಾಗ ಸೋಲ್ಡರಿಂಗ್ ಹೊಗೆ ಯಾಕೆ ಬೇಕು? ಆದರೂ ಊರ ಮನೆಯ ಅಟ್ಟದಲ್ಲಿ ಅಪ್ಪನದೋ ಮಾವನದೋ ಹಳೆಯ ಕೀಬೋರ್ಡು ಇದ್ದರೆ ಗುಜರಿಗೆ ಹಾಕಬೇಡಿ. ತಿಳಿದವರನ್ನು ಕರೆಸಿ, ಮೊದಲು ಟೋನ್‌ಗಳನ್ನು ಇಳಿಸಿಕೊಳ್ಳಿ, ಸೆಲ್ ಬದಲಿಸುವುದು ಆಮೇಲೆ.