ಚಹದ ಕಪ್ಪಿನ ಹಿಡಿಕೆ



ಹೈದರಾಬಾದಿಗೆ ಬಂದು ನೆಲಸಿದ ನಮ್ಮಲ್ಲಿ ಚಹ ಕುಡಿಯದವರು ವಿರಳ. ಪಾಳಿ ಮುಗಿಸಿ ಇರಾನಿ ಹೋಟೆಲಿನಲ್ಲಿ ಕುಳಿತರೆ ಬಿಳಿಯ ದಪ್ಪ ಕಪ್ಪು-ಬಸಿ ಮುಂದೆ ಬರುವುದು. ಆ ಕಪ್ಪಿನ ಹಿಡಿಕೆಯನ್ನು ಯಾರೂ ಲಕ್ಷಿಸುವುದಿಲ್ಲ. ನಾವೂ ಲಕ್ಷಿಸಿರಲಿಲ್ಲ.

ಕೆಲವು ತಿಂಗಳ ಹಿಂದೆ ಸಂಘದ ಸಭೆಗಳಿಗೆಂದು ಕೈಯಿಂದ ಮಾಡಿದ ಎರಡು ಡಜನ್ ಪಿಂಗಾಣಿ ಕಪ್ಪುಗಳನ್ನು ಕೊಂಡೆವು. ನೋಡಲು ಬಹಳ ಚೆಲುವು. ಆದರೆ ವಾಚನಾಲಯಕ್ಕೆ ತಪ್ಪದೆ ಬರುವ ಹಿರಿಯ ಕಾರ್ಮಿಕರೊಬ್ಬರು ಅಂದಿನಿಂದ ಚಹ ಬೇಡವೆನ್ನತೊಡಗಿದರು. ಸಂಕೋಚವಿರಬೇಕೆಂದು ತಿಳಿದೆವು. ಮೂರನೆಯ ಸಲ ಒತ್ತಾಯಿಸಿದಾಗ ಅವರು ಬಲಗೈ ತೋರಿಸಿದರು. ಹಿಂದೆಂದೋ ಮಗ್ಗದಲ್ಲಿ ಪೆಟ್ಟು ತಿಂದ ತೋರುಬೆರಳು ಮಡಚುತ್ತಿರಲಿಲ್ಲ. “ಕಪ್ ಕೈಯಾಗಿಂದ ಬಿದ್ದು ಒಡದ್ರ ಸಂಘಕ್ಕ ಲುಕ್ಸಾನ ಅಲ್ಲೇನ್ರಿ?” ಎಂದರು. ನಮಗೆ ನಾಚಿಕೆಯಾಯಿತು. ಆ ಮೇಲೆ ವಿಚಾರಿಸಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಚಹದ ತೌರಾದ ಚೀನಾದಲ್ಲಿ ಬಟ್ಟಲಿಗೆ ಹಿಡಿಕೆ ಇರಲಿಲ್ಲ. ಯುರೋಪಿಗೆ ಮೊದಲು ಹೋದುದೂ ಅಂತಹ ಬಟ್ಟಲುಗಳೇ. 1710ರಲ್ಲಿ ಜರ್ಮನಿಯ ಮೈಸೆನ್ ಎಂಬಲ್ಲಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ಆ ಶತಮಾನದಲ್ಲಿಯೇ ಅಲ್ಲಿನವರು ಬಿಸಿ ತಾಗದಂತೆ ಚಹದ ಬಟ್ಟಲಿಗೆ ಹಿಡಿಕೆ ಕೂಡಿಸುವುದನ್ನು ರೂಢಿ ಮಾಡಿಕೊಂಡರು.

ಹಿಡಿಕೆಯ ಮೊದಲ ಗುಣ ತೂಕದ ಸಮತೋಲ. 250 ಗ್ರಾಂ ತೂಗುವ ಕಪ್ಪಿಗೆ 150 ಮಿಲಿಲೀಟರು ಚಹ ಹೊಯ್ದರೆ ಒಟ್ಟು ಸುಮಾರು 400 ಗ್ರಾಂ ಆಗುವುದು. ತುಂಬಿದ ಕೊಡ ಸೊಂಟದ ಮೇಲಿದ್ದರೆ ಹಗುರ, ಕೈ ಚಾಚಿ ಹಿಡಿದರೆ ಭಾರ. ಕಪ್ಪಿನದೂ ಇದೇ ನ್ಯಾಯ. ಬೆರಳಿನಿಂದ ಕಪ್ಪಿನ ನಡುವಿಗೆ 5 ಸೆಂಟಿಮೀಟರ್ ಇದ್ದುದು 6 ಆದರೆ, ಮಣಿಕಟ್ಟಿನ ಮೇಲಿನ ಎಳೆತ ಐದರಲ್ಲೊಂದು ಪಾಲು ಹೆಚ್ಚುವುದು. ಆದುದರಿಂದ ಹಿಡಿಕೆ ಹೊರಕ್ಕೆ ಬಹಳ ಚಾಚಿರಬಾರದು. ಹಾಗೆಂದು ಬೆರಳಿನ ಗೆಣ್ಣು ಬಿಸಿ ಗೋಡೆಗೆ ತಾಗಲೂಬಾರದು. ಬೆರಳು ಹಿಡಿಯುವ ಜಾಗ ಕಪ್ಪಿನ ನಡುಮಟ್ಟಕ್ಕಿಂತ ತುಸು ಮೇಲಿದ್ದರೆ ಭಾರ ಕೆಳಗೆ ತೂಗುವುದು, ಕಪ್ಪು ಮಗುಚಲು ನೋಡದು.

ಎರಡನೆಯದು ಬೆರಳು ತೂರುವ ಕಂಡಿ. ಒಂದೇ ಬೆರಳಿಗೆ ಅಳೆದ ಕಂಡಿ ದುಡಿಯುವ ದಪ್ಪ ಬೆರಳಿಗೆ ಸಾಲದು. ಎರಡು ಬೆರಳು ಹೋಗುವಷ್ಟು ಉದ್ದವಿದ್ದರೆ, ಒಂದು ಬೆರಳು ಊನವಾದವನೂ ಉಳಿದ ಬೆರಳುಗಳಿಂದ ಹಿಡಿಯಬಲ್ಲನು. ಮೇಲೆ ಹೆಬ್ಬೆರಳೂರಲು ಚಪ್ಪಟೆಯಾದ ಜಾಗವಿರಬೇಕು, ಅಂಚುಗಳು ಉರುಟಾಗಿರಬೇಕು.

ಇಲ್ಲಿ ಕುಂಬಾರನು ಒಂದು ಲೆಕ್ಕವನ್ನು ಮರೆಯಬಾರದು. ಮಣ್ಣು ಒಣಗಿ ಬೆಂದಾಗ ಕುಗ್ಗುವುದು. ನೂರಕ್ಕೆ ಹತ್ತರಂತೆ ಕುಗ್ಗುವ ಮಣ್ಣಾದರೆ, ಕೊನೆಗೆ 45 ಮಿಲಿಮೀಟರ್ ಕಂಡಿ ಬೇಕಿದ್ದಲ್ಲಿ ಹಸಿಯಲ್ಲಿ 50 ಇಡಬೇಕು. ನಮ್ಮ ಕಪ್ಪುಗಳಲ್ಲಿ ತಪ್ಪಿದ್ದು ಇದೇ ಇರಬೇಕೆಂದು ನಮ್ಮ ಊಹೆ.

ಹಿಡಿಕೆಗೆಂದು ಮಣ್ಣಿನ ಉಂಡೆಯನ್ನು ಒಂದು ಕೈಯಲ್ಲಿ ತೂಗಹಿಡಿದು, ನೀರು ಸವರಿದ ಇನ್ನೊಂದು ಕೈಯಿಂದ ಹಸುವಿನ ಮೊಲೆ ಹಿಂಡುವಂತೆ ಕೆಳಕ್ಕೆ ಎಳೆಯುತ್ತಾರೆ. ಬುಡ ದಪ್ಪ, ತುದಿ ತೆಳು ಆಗುವುದು. ದಪ್ಪನೆಯ ಬುಡ ಕಪ್ಪಿನ ಅಂಚಿನ ಕೆಳಗೆ, ಹೆಚ್ಚು ಭಾರ ಬೀಳುವಲ್ಲಿ ಕೂಡುವುದು. ಕಪ್ಪು ಅರೆ ಒಣಗಿರುವಾಗ ಎರಡೂ ಕಡೆ ಗೀರಿ, ಅದೇ ಮಣ್ಣಿನ ಕೆಸರು ಹಚ್ಚಿ ಒತ್ತಬೇಕು. ಒಂದು ಒಣಗಿ ಇನ್ನೊಂದು ಹಸಿಯಿದ್ದರೆ ಕುಗ್ಗುವುದರಲ್ಲಿ ವ್ಯತ್ಯಾಸವಾಗಿ ಬೆಸುಗೆ ಬಿರಿಯುವುದು. ಕೂಡಿಸಿದ ಮೇಲೆ ನೆರಳಲ್ಲಿ ನಿಧಾನವಾಗಿ ಆರಿಸಬೇಕು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ. ಊರಲ್ಲಿ ತಿಗರಿ ತಿರುಗಿಸುವ ಬಂಧುಗಳಿರುವವರು ಈ ಮಾತನ್ನು ಅವರಿಗೆ ತಲುಪಿಸಿದರೆ ಸಂತೋಷ.

ಕೊಳ್ಳುವವರಿಗೆ ಒಂದು ಸೂಚನೆ. ಬರಿಯ ಕಪ್ಪನ್ನೆತ್ತಿ ನೋಡಬೇಡಿರಿ. ನೀರು ತುಂಬಿಸಿ ಎತ್ತಿರಿ. ಮನೆಯಲ್ಲಿ ಮುದುಕರಿದ್ದರೆ ಅವರ ಕೈಗೆ ಕೊಟ್ಟು ನೋಡಿರಿ. ಕಳೆದ ತಿಂಗಳು ಸಂಘಕ್ಕೆ ಆರು ಹೊಸ ಕಪ್ಪು ಬೇಕಾದಾಗ ನಾವು ಆ ಹಿರಿಯರನ್ನೇ ಅಂಗಡಿಗೆ ಕರೆದುಕೊಂಡು ಹೋದೆವು. ಅವರು ಒಂದೊಂದಕ್ಕೂ ನೀರು ಹಾಕಿಸಿ, ಎತ್ತಿ, ಆರಿಸಿ ಕೊಟ್ಟರು. ಈಗ ಭಾನುವಾರದ ಸಭೆಯಲ್ಲಿ ಅವರು ಎರಡು ಸಲ ಚಹ ಕೇಳುತ್ತಾರೆ.