ಓಡಿದವರ ಕಾಲು, ದೇಶದ ಗುಡ್‌ವಿಲ್

ಬಿಕಾಂನಲ್ಲಿ ಗುಡ್‌ವಿಲ್ ಅಂತ ಒಂದು ಪಾಠ ಇತ್ತು. ಅಂಗಡಿಯ ಒಳ್ಳೆ ಹೆಸರಿಗೂ ಬೆಲೆ ಇದೆ, ಆದರೆ ತಾನೇ ಗಳಿಸಿದ ಹೆಸರನ್ನು ಆಸ್ತಿ ಅಂತ ಪುಸ್ತಕಕ್ಕೆ ಹಾಕೋ ಹಾಗಿಲ್ಲ. ಕೊಂಡುಕೊಂಡಿದ್ದರೆ ಮಾತ್ರ ಹಾಕಬಹುದು. ದೇಶಗಳ ಕಥೆಯೂ ಹೀಗೇ ಅಂತ ಕರೆನ್‌ಗೆ ಕೆಲಸಕ್ಕೆ ಬಂದ ಮೇಲೆ ಹೊಳೀತು.

ಊರಲ್ಲಿ ಕೆನ್ಯಾ ಅಂದ್ರೆ ಎರಡೇ ಮಾತು: ಸಿಂಹ, ಓಟಗಾರರು. ಸಿಂಹ ದೇವರು ಕೊಟ್ಟಿದ್ದು, ಓಟದ ಹೆಸರು ದುಡಿದು ಗಳಿಸಿದ್ದು. ಸ್ವಾತಂತ್ರ್ಯ ಬಂದಿದ್ದು 1963ರಲ್ಲಿ. ಐದೇ ವರ್ಷಕ್ಕೆ, ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ನಫ್ಟಾಲಿ ಟೆಮು, ಕಿಪ್ಚೋಗೆ ಕೇನೊ, ಅಮೋಸ್ ಬಿವೊಟ್ ಮೂವರೂ ಚಿನ್ನ ತಂದರು. ಯಾವ ರಾಯಭಾರ ಕಚೇರಿಗೆ ಆಗ್ತಿತ್ತು ಈ ಕೆಲಸ? ಬಿವೊಟ್ ಗೆದ್ದ ಸ್ಟೀಪಲ್‌ಚೇಸ್, ಅಂದ್ರೆ ಅಡ್ಡಕಟ್ಟೆ, ನೀರುಗುಂಡಿ ಹಾರಿಕೊಂಡು 3000 ಮೀಟರ್ ಓಡೋದು, ಆಮೇಲೆ ಇವರ ಮನೆ ಆಸ್ತಿನೇ ಆಗಿಬಿಡ್ತು.

ಆ ಹೆಸರನ್ನು ದುಡ್ಡು ಕೊಟ್ಟು ಕೊಂಡಿದ್ದು ಕತಾರ್. ಸ್ಟೀಫನ್ ಚೆರೋನೊ ಅನ್ನೋ ಇಲ್ಲಿಯ ಹುಡುಗ 2003ರ ಆಗಸ್ಟ್‌ನಲ್ಲಿ ಕತಾರಿನ ಪ್ರಜೆಯಾಗಿ ಸೈಫ್ ಸಯೀದ್ ಶಾಹೀನ್ ಆದ. ಅದೇ ತಿಂಗಳು ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನ್ಯಾದ ಎಜೆಕಿಯೆಲ್ ಕೆಂಬೋಯಿಯನ್ನೇ ಹಿಂದೆ ಹಾಕಿ ಚಿನ್ನ ಗೆದ್ದ. (ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದೂ ವೀಸಾ ನವೀಕರಣಕ್ಕೆ ಓಡಾಡೋ ನಮ್ಮವರು ಇಲ್ಲಿ ಸ್ವಲ್ಪ ನಗಬಹುದು.) ಕೆನ್ಯಾ ಒಪ್ಪಿಗೆ ಕೊಡದೆ ಅವನಿಗೆ 2004ರ ಅಥೆನ್ಸ್ ಒಲಿಂಪಿಕ್ಸ್ ತಪ್ಪಿತು. ಅಲ್ಲಿ ಮೂರೂ ಪದಕ ಕೆನ್ಯಾದವರಿಗೇ. ಅದಾಗಿ ಎರಡು ವಾರದೊಳಗೆ ಶಾಹೀನ್ ಬ್ರಸೆಲ್ಸ್‌ನಲ್ಲಿ 7 ನಿಮಿಷ 53.63 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಅದು 2023ರವರೆಗೂ ನಿಂತಿತ್ತು, ಕತಾರಿನ ಹೆಸರಲ್ಲಿ.

ಅವನು ದ್ರೋಹಿನಾ ಅಂತ ನಮ್ಮ ಗೇಟಿನ ಕಾವಲುಗಾರನ್ನ ಒಮ್ಮೆ ಕೇಳಿದೆ. ರಿಫ್ಟ್ ವ್ಯಾಲಿ ಕಡೆಯವನು. "ನೀವೂ ಊರು ಬಿಟ್ಟು ಬಂದಿದ್ದೀರಲ್ಲ, ಬ್ವಾನಾ" ಅಂದ. ನಾನು ಸುಮ್ಮನಾದೆ.

ಗಳಿಸಿದ ಹೆಸರು ಕರಗೋದೂ ಉಂಟು. 2016ರಲ್ಲಿ ರಿಯೊ ಮ್ಯಾರಥಾನ್ ಗೆದ್ದ ಜೆಮಿಮಾ ಸುಮ್ಗಾಂಗ್ ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಇಂಥ ಪ್ರಕರಣ ಒಂದರ ಮೇಲೊಂದು ಬಂದು, 2022ರ ನವೆಂಬರ್‌ನಲ್ಲಿ ಇಡೀ ದೇಶಕ್ಕೇ ನಿಷೇಧ ಬೀಳೋ ಹಾಗಿತ್ತು. ವರ್ಷಕ್ಕೆ 50 ಲಕ್ಷ ಡಾಲರಿನಂತೆ ಐದು ವರ್ಷ ತಡೆಗಟ್ಟೋ ಕೆಲಸಕ್ಕೆ ಹಾಕ್ತೀವಿ ಅಂತ ಸರ್ಕಾರ ಮಾತು ಕೊಟ್ಟ ಮೇಲೆ ತಪ್ಪಿತು. ಶಾಲೆ, ಆಸ್ಪತ್ರೆಗೇ ದುಡ್ಡು ಸಾಲದ ದೇಶ. ಆದರೂ ಈ ವೋಚರ್‌ಗೆ ನಾನಾದರೆ ಸಹಿ ಹಾಕ್ತೀನಿ. ಮದ್ದು ಮುಟ್ಟದೆ ಬೆಳಗ್ಗೆ ಎದ್ದು ಓಡೋ ಇಟೆನ್‌ನ ಹುಡುಗರ ಅನ್ನ ಆ ಹೆಸರಿನಲ್ಲೇ ಇದೆ.

ನಮಗೂ ಒಂದು ಪಾಲು ಸಿಕ್ಕಿತ್ತು ಅನ್ನಿ. 2021ರ ಆಗಸ್ಟ್‌ನಲ್ಲಿ ಇಲ್ಲೇ ಕಸರಾನಿ ಕ್ರೀಡಾಂಗಣದಲ್ಲಿ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ನಡೀತು. ಕೋವಿಡ್ ಅಂತ ಪ್ರೇಕ್ಷಕರನ್ನು ಬಿಡಲಿಲ್ಲ, ನೈರೋಬಿಯಲ್ಲೇ ಇದ್ದೂ ಫೋನಿನಲ್ಲಿ ನೋಡಿದ್ದಾಯ್ತು. ಮಿಶ್ರ ರಿಲೇಯಲ್ಲಿ ಭಾರತಕ್ಕೆ ಕಂಚು. ಓಡಿದ ನಾಲ್ವರಲ್ಲಿ ಕರ್ನಾಟಕದ ಪ್ರಿಯಾ ಮೋಹನ್ ಒಬ್ಬಳು. ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನವನು "ಇಂಡಿಯಾದವರೂ ಓಡ್ತೀರಾ!" ಅಂದ. ನಮ್ಮ ರಾಜ್ಯದ ಹುಡುಗಿ ಕಣಯ್ಯಾ ಅಂತ ಅವನಿಗೆ ಎರಡು ಸಲ ಹೇಳಿದೆ.